ಟೋಕನ್ ಕೈಯಲ್ಲಿದೆ, ಕೌಂಟರ್ ಎಲ್ಲಿ?

ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಉಡುಪಿಗೆ ಹೊರಡುವ ಖಾಸಗಿ ಬಸ್ಸುಗಳ ವೇಳೆ ತೋರಿಸುವ ಸಣ್ಣ ಆ್ಯಂಡ್ರಾಯ್ಡ್ ಆ್ಯಪ್ ಒಂದನ್ನು ನಾವು ಮೂವರು ಬಿಡುವಿನ ಸಂಜೆಗಳಲ್ಲಿ ಕಟ್ಟುತ್ತಿದ್ದೇವೆ. ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಕಟಪಾಡಿ, ಹೀಗೆ ಪ್ರತಿ ನಿಲುಗಡೆಗೂ ಮುಂದಿನ ಬಸ್ ಎಷ್ಟು ನಿಮಿಷದಲ್ಲಿ ಬರುತ್ತದೆ ಎಂದು ಪರದೆಯ ಮೇಲೆ ಕಾಣಬೇಕು, ಅಷ್ಟೇ. ಮೂವರಲ್ಲಿ ಕಿರಿಯಳು ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಬಸ್ ಎಷ್ಟು ತಡ ಎಂದು ಲೆಕ್ಕ ಹಾಕುವ ಕ್ಲಾಸನ್ನು, ಅಂದರೆ ಕೋಡಿನ ಒಂದು ಘಟಕವನ್ನು, ಅವಳಿಗೆ ಒಪ್ಪಿಸಿದ್ದೆ. ಒಂದು ದಿನ ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಿರುಗಿಸಿ ಕೇಳಿದಳು: “ಸರ್, ಆ್ಯಕ್ಟಿವಿಟಿಯಲ್ಲಿ ಗೆಟ್‌ಸ್ಟ್ರಿಂಗ್ ಎಂದು ಬರೆದರೆ ಕೆಲಸ ಆಗುತ್ತದೆ. ಅದೇ ಸಾಲನ್ನು ಈ ಕ್ಲಾಸಿಗೆ ತಂದರೆ ಕೆಂಪು ಬಣ್ಣ ಬರುತ್ತದೆ. ಪ್ರಾಜೆಕ್ಟ್ ಒಂದೇ, ಫೈಲ್ ಪಕ್ಕದ್ದೇ. ಮತ್ತೆ ಏನಾಯಿತು?” ಆ್ಯಕ್ಟಿವಿಟಿ ಎಂದರೆ ಆ್ಯಪಿನ ಒಂದು ಪರದೆಯನ್ನು ನಡೆಸುವ ಕ್ಲಾಸು, ಗೆಟ್‌ಸ್ಟ್ರಿಂಗ್ ಎಂದರೆ ಪರದೆಗೆ ಬೇಕಾದ ಸ್ಟ್ರಿಂಗನ್ನು, ಅಂದರೆ ಪಠ್ಯವನ್ನು, ತಂದುಕೊಡುವ ಫಂಕ್ಷನ್. ಕೆಂಪು ಬಣ್ಣ ಎಂದರೆ ಆ ಸಾಲು ತಪ್ಪು ಎಂಬ ಸೂಚನೆ.

ಆ್ಯಂಡ್ರಾಯ್ಡ್ ಕಲಿಯುವ ಬಹುತೇಕ ಎಲ್ಲರೂ ಮೊದಲ ಕೆಲವು ವಾರಗಳಲ್ಲೇ ಎಡವುವ ಕಲ್ಲು ಇದು. “ಆ ಕ್ಲಾಸಿಗೆ ಕಾಂಟೆಕ್ಸ್ಟ್ ಕಳಿಸು” ಎಂಬ ಸಿದ್ಧ ಉತ್ತರವನ್ನು ಯಾರು ಬೇಕಾದರೂ ಕೊಡುತ್ತಾರೆ (ಕಾಂಟೆಕ್ಸ್ಟ್ ಎಂದರೇನು ಎಂಬುದು ಮುಂದೆ ಬರುತ್ತದೆ). ಅದು ಸುಳ್ಳಲ್ಲ. ಕೆಂಪು ಬಣ್ಣ ಹೋಗುತ್ತದೆ, ಗೊಂದಲ ಮಾತ್ರ ಉಳಿಯುತ್ತದೆ. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆಯೇ ಬೇರೆ. ಅಲ್ಲಿಗೆ ಹೋಗುವ ಮೊದಲು ಈ ಸ್ಟ್ರಿಂಗ್‌ಗಳು ಎಲ್ಲಿ ಕುಳಿತಿರುತ್ತವೆ ಎಂದು ನೋಡಬೇಕು. (ಕ್ಲಾಸು, ಫೋಲ್ಡರುಗಳ ಹೆಸರನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಕೋಡಿನಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇರುತ್ತವೆ.)

ಆ್ಯಪಿನಲ್ಲಿ ಕಾಣುವ ಮಾತುಗಳನ್ನೆಲ್ಲ ಕೋಡಿನೊಳಗೆ ತುರುಕದೆ, ಸ್ಟ್ರಿಂಗ್ಸ್ ಎಂಬ ಎಕ್ಸ್‌ಎಂಎಲ್ ಫೈಲಿನಲ್ಲಿ ಒಂದೊಂದಕ್ಕೂ ಹೆಸರು ಕೊಟ್ಟು ಇಡುತ್ತೇವೆ. ಮೂಲ ಪಠ್ಯ ‘ವ್ಯಾಲ್ಯೂಸ್’ ಫೋಲ್ಡರಿನಲ್ಲಿ, ಕನ್ನಡದ್ದು ‘ವ್ಯಾಲ್ಯೂಸ್-ಕೆಎನ್’ ಫೋಲ್ಡರಿನಲ್ಲಿ. ಬಿಲ್ಡ್ ಮಾಡುವಾಗ ಒಂದು ಉಪಕರಣ ಇವನ್ನೆಲ್ಲ ಒಟ್ಟುಗೂಡಿಸಿ ಒಂದು ದೊಡ್ಡ ಕೋಷ್ಟಕ ತಯಾರಿಸುತ್ತದೆ, ಜೊತೆಗೆ ‘ಆರ್’ ಎಂಬ ಕ್ಲಾಸನ್ನು ಹುಟ್ಟಿಸುತ್ತದೆ. ‘ಆರ್.ಸ್ಟ್ರಿಂಗ್.ಬಸ್_ತಡ’ ಎಂದು ನಾವು ಬರೆದಾಗ ಸಿಗುವುದು ಆ ಮಾತಲ್ಲ, 32 ಬಿಟ್‌ಗಳ ಒಂದು ಪೂರ್ಣಾಂಕ. ಮೊದಲ 8 ಬಿಟ್ ಯಾವ ಪ್ಯಾಕೇಜು ಎಂದು ಹೇಳುತ್ತದೆ, ಮುಂದಿನ 8 ಬಿಟ್ ಅದು ಪಠ್ಯವೋ ಬಣ್ಣವೋ ಚಿತ್ರವೋ ಎಂದು, ಉಳಿದ 16 ಬಿಟ್ ಆ ಬಗೆಯಲ್ಲಿ ಎಷ್ಟನೆಯದು ಎಂದು. ಹದಿನಾರರ ಪದ್ಧತಿಯಲ್ಲಿ ಬರೆದರೆ ನಮ್ಮ ಆ್ಯಪಿನವು 7ಎಫ್ ಎಂದು ಶುರುವಾಗುತ್ತವೆ, ಆ್ಯಂಡ್ರಾಯ್ಡಿನ ಸ್ವಂತದವು 01 ಎಂದು.

ಸೆಲ್ಫ್ ಸರ್ವಿಸ್ ಹೋಟೆಲಿನ ಟೋಕನ್ ಇದ್ದ ಹಾಗೆ ಇದು. ಗಲ್ಲೆಯಲ್ಲಿ ದುಡ್ಡು ಕೊಟ್ಟರೆ ಚೀಟಿ ಸಿಗುತ್ತದೆ. ಆ ಚೀಟಿಯನ್ನು ಎಷ್ಟು ಜಗಿದರೂ ಬನ್ಸ್‌ನ ರುಚಿ ಬರುವುದಿಲ್ಲ, ಕೌಂಟರಿಗೆ ಹೋಗಲೇಬೇಕು. ಹೊಸಬರ ಆ್ಯಪಿನಲ್ಲಿ ಸಂದೇಶ ಇರಬೇಕಾದ ಜಾಗದಲ್ಲಿ 213 ಎಂದು ಆರಂಭವಾಗುವ ಹತ್ತಂಕಿಯ ಸಂಖ್ಯೆ ಮೂಡುವುದು ಇದರಿಂದಲೇ: ಗೆಟ್‌ಸ್ಟ್ರಿಂಗ್ ಕರೆಯದೆ ‘ಆರ್.ಸ್ಟ್ರಿಂಗ್’ ಅನ್ನೇ ಮತ್ತೊಂದು ಪಠ್ಯಕ್ಕೆ ಕೂಡಿಸಿದ್ದಾರೆ, ಟೋಕನ್ನೇ ತಟ್ಟೆಗೆ ಬಿದ್ದಿದೆ. ಇದರ ತದ್ವಿರುದ್ಧದ ತಪ್ಪೂ ಇದೆ. ಪರದೆಯ ಮೇಲೆ ಪಠ್ಯ ತೋರಿಸುವ ಟೆಕ್ಸ್ಟ್‌ವ್ಯೂನ ಸೆಟ್‌ಟೆಕ್ಸ್ಟ್‌ಗೆ ಪಠ್ಯವನ್ನೂ ಕೊಡಬಹುದು, ಪೂರ್ಣಾಂಕವನ್ನೂ ಕೊಡಬಹುದು. ಪೂರ್ಣಾಂಕ ಕೊಟ್ಟರೆ ಅದು ಟೋಕನ್ ಎಂದೇ ತಿಳಿಯುತ್ತದೆ. “ಇನ್ನು 5 ನಿಮಿಷ” ಎಂದು ತೋರಿಸಲು ಬರೀ 5 ಅನ್ನು ಕಳಿಸಿದರೆ, 5ನೆಯ ಸಂಖ್ಯೆಯ ರಿಸೋರ್ಸ್ (ಆ ಕೋಷ್ಟಕದಲ್ಲಿರುವ ಪಠ್ಯ, ಬಣ್ಣ, ಚಿತ್ರದಂಥದ್ದು) ಹುಡುಕಲು ಹೋಗಿ, ಸಿಗದೆ, ಆ್ಯಪ್ ಬಿದ್ದುಹೋಗುತ್ತದೆ.

ಈ ಕೌಂಟರಿನ ಹೆಸರೇ ಕಾಂಟೆಕ್ಸ್ಟ್. ಈ ಫೋನಿನಲ್ಲಿ, ಈ ಗಳಿಗೆಯಲ್ಲಿ, ಯಾವ ಭಾಷೆ, ಯಾವ ಪರದೆ, ಯಾವ ಥೀಮ್ ಎಂಬುದೆಲ್ಲ ಅದಕ್ಕೆ ಗೊತ್ತು. ಹಾಗಾಗಿ ಒಂದೇ ಟೋಕನಿಗೆ ಒಂದು ಫೋನಿನಲ್ಲಿ ಕನ್ನಡದ ಸಾಲು, ಇನ್ನೊಂದರಲ್ಲಿ ಇಂಗ್ಲಿಷ್ ಸಾಲು ಸಿಗುತ್ತದೆ. ಆ್ಯಕ್ಟಿವಿಟಿ, ಪರದೆಯಿಲ್ಲದೆ ಓಡುವ ಸರ್ವಿಸ್, ಇಡೀ ಆ್ಯಪನ್ನು ಪ್ರತಿನಿಧಿಸುವ ಆ್ಯಪ್ಲಿಕೇಶನ್ ಈ ಮೂರೂ ಕಾಂಟೆಕ್ಸ್ಟ್ ವಂಶದವು. ಅವುಗಳೊಳಗೆ ಗೆಟ್‌ಸ್ಟ್ರಿಂಗ್ ಎಂದರೆ ಸಾಕು, ಅದು ಪಿತ್ರಾರ್ಜಿತ. ನಮ್ಮ ಹುಡುಗಿಯ ‘ತಡಲೆಕ್ಕ’ ಎಂಬ ಕ್ಲಾಸು ಯಾರ ವಂಶಕ್ಕೂ ಸೇರಿದ್ದಲ್ಲ. ಅದರ ಬಳಿ ಟೋಕನ್ ಇದೆ, ಕೌಂಟರ್ ಇಲ್ಲ. ಕೆಂಪು ಬಣ್ಣದ ಕಾರಣ ಇಷ್ಟೇ.

ಆ್ಯಕ್ಟಿವಿಟಿಯ ಒಳಗೂ ಕೌಂಟರ್ ಹುಟ್ಟಿನಿಂದಲೇ ತೆರೆದಿರುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕ್ಲಾಸಿನ ಆರಂಭದಲ್ಲೇ, ಆನ್‌ಕ್ರಿಯೇಟ್‌ಗೂ (ಆರಂಭದ ಸಿದ್ಧತೆಗೆ ವ್ಯವಸ್ಥೆ ಕರೆಯುವ ಫಂಕ್ಷನ್) ಮೊದಲು, ಒಂದು ಚರಾಂಶಕ್ಕೆ ಗೆಟ್‌ಸ್ಟ್ರಿಂಗ್‌ನ ಬೆಲೆ ಕೊಟ್ಟರೆ ಕಂಪೈಲರ್ ಸುಮ್ಮನಿರುತ್ತದೆ, ಓಡಿಸಿದಾಗ ನಲ್ ಪಾಯಿಂಟರ್ ದೋಷ, ಅಂದರೆ ಇಲ್ಲದ ವಸ್ತುವನ್ನು ಬಳಸಲು ಹೋದ ದೋಷ, ಬರುತ್ತದೆ. ವಸ್ತು ಹುಟ್ಟಿದ ಮೇಲೆ ವ್ಯವಸ್ಥೆಯು ಅದಕ್ಕೆ ಮೂಲ ಕಾಂಟೆಕ್ಸ್ಟನ್ನು ಜೋಡಿಸುತ್ತದೆ. ಅಲ್ಲಿಯವರೆಗೆ ಅದು ಹೆಸರಿಗೆ ಮಾತ್ರ ಆ್ಯಕ್ಟಿವಿಟಿ. ಕೋಟ್ಲಿನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ‘ಬೈ ಲೇಜಿ’ ಬಳಸಿ ಮೊದಲ ಬಳಕೆಯವರೆಗೆ ಮುಂದೂಡಿದರೆ ತೊಂದರೆಯಿಲ್ಲ.

ಇನ್ನು ಜನ ಬಳಸುವ ದಾರಿಗಳು. ರಿಸೋರ್ಸಸ್‌ನ ‘ಗೆಟ್‌ಸಿಸ್ಟಮ್’ ಅನ್ನು ಕಾಂಟೆಕ್ಸ್ಟ್ ಇಲ್ಲದೆಯೇ ಎಲ್ಲಿಂದಲಾದರೂ ಕರೆಯಬಹುದು ಎಂದು ಕಂಡು ಕುಣಿಯುವವರಿದ್ದಾರೆ. ಅದು ಆ್ಯಂಡ್ರಾಯ್ಡಿನ ಸ್ವಂತ ಸ್ಟ್ರಿಂಗ್‌ಗಳನ್ನು ಮಾತ್ರ ಕೊಡುತ್ತದೆ, ನಮ್ಮ ಆ್ಯಪಿನದನ್ನು ಕೇಳಿದರೆ ರಿಸೋರ್ಸ್ ಸಿಗಲಿಲ್ಲ ಎಂದು ಬೀಳುತ್ತದೆ. ಆ ದಾರಿ ಮುಚ್ಚಿತು.

ಆ್ಯಪ್ ಓಡುವ ತನಕ ಉಳಿಯುವ ಸ್ಟ್ಯಾಟಿಕ್ ಚರಾಂಶವೊಂದರಲ್ಲಿ ಕಾಂಟೆಕ್ಸ್ಟನ್ನು ಇಟ್ಟುಕೊಂಡು ಎಲ್ಲ ಕಡೆಯಿಂದ ಎಳೆದುಕೊಳ್ಳುವುದು ಎರಡನೆಯ ದಾರಿ, ಅತ್ಯಂತ ಜನಪ್ರಿಯವೂ ಹೌದು. ಇಲ್ಲಿ ಯಾವ ಕಾಂಟೆಕ್ಸ್ಟ್ ಎಂಬುದೇ ಮುಖ್ಯ. ಯಕ್ಷಗಾನ ನೋಡಿದವರಿಗೆ ಸುಲಭವಾಗಿ ಅರ್ಥವಾಗುತ್ತದೆ. ಆ್ಯಕ್ಟಿವಿಟಿ ಎಂದರೆ ಒಂದು ರಾತ್ರಿಗೆ ಕಟ್ಟಿದ ರಂಗಸ್ಥಳ, ಬೆಳಗಾದರೆ ಕಳಚುತ್ತಾರೆ. ಆ್ಯಪ್ಲಿಕೇಶನ್ ಎಂದರೆ ಮೇಳ, ಪತ್ತನಾಜೆಗೆ ತಿರುಗಾಟ ಮುಗಿಯುವ ತನಕ ಊರೂರು ಸುತ್ತುತ್ತದೆ. ಫೋನನ್ನು ಅಡ್ಡ ತಿರುಗಿಸಿದರೆ ಸಾಕು, ಸಾಮಾನ್ಯವಾಗಿ ಆ್ಯಕ್ಟಿವಿಟಿ ಕಳಚಿಕೊಂಡು ಹೊಸದು ಎದ್ದು ನಿಲ್ಲುತ್ತದೆ. ನಿನ್ನೆಯ ರಂಗಸ್ಥಳವನ್ನು ಸ್ಟ್ಯಾಟಿಕ್ ಚರಾಂಶ ಹಿಡಿದುಕೊಂಡಿದ್ದರೆ ಅದರ ಕಂಬ, ಪರದೆ, ದೀಪಗಳೆಲ್ಲ ಮೆಮೊರಿಯಲ್ಲೇ ಉಳಿಯುತ್ತವೆ. ಕಸ ಗುಡಿಸುವವನು ಬಂದರೂ “ಇದು ಇನ್ನೂ ಬಳಕೆಯಲ್ಲಿದೆ” ಎಂದು ಬಿಟ್ಟು ಹೋಗುತ್ತಾನೆ. ಮೆಮೊರಿ ಸೋರಿಕೆ ಎನ್ನುವುದು ಇದನ್ನೇ. ನಾವು ಕೋಡ್ ಬರೆಯುವ ಆ್ಯಂಡ್ರಾಯ್ಡ್ ಸ್ಟುಡಿಯೊದಲ್ಲಿ ತಪ್ಪು ಹುಡುಕುವ ಲಿಂಟ್ ಇದಕ್ಕಾಗಿಯೇ ಎಚ್ಚರಿಕೆ ಕೊಡುತ್ತದೆ, ನಾವು ಹಳದಿ ಗೆರೆಗಳನ್ನು ಓದುವುದಿಲ್ಲ.

ಆ್ಯಪ್ಲಿಕೇಶನ್ ಕಾಂಟೆಕ್ಸ್ಟನ್ನೇ ಇಟ್ಟುಕೊಂಡರೆ ಸೋರಿಕೆಯ ಭಯವಿಲ್ಲ, ಪ್ರಕ್ರಿಯೆ ಇರುವ ತನಕ ಅದು ಹೇಗೂ ಇರುತ್ತದೆ. ಹಾಗಿದ್ದರೆ ಕಥೆ ಮುಗಿಯಿತಲ್ಲ ಎಂದು ನಾನೂ ವರ್ಷಗಟ್ಟಲೆ ಅಂದುಕೊಂಡಿದ್ದೆ. ಮುಗಿದಿರಲಿಲ್ಲ. ಆ್ಯಪಿಗೆ ಪ್ರತ್ಯೇಕ ಭಾಷೆ ಆರಿಸುವ ಸೌಲಭ್ಯ ಆ್ಯಂಡ್ರಾಯ್ಡ್ 13ರಿಂದ ವ್ಯವಸ್ಥೆಯಲ್ಲೇ ಇದೆ. ಅದಕ್ಕಿಂತ ಹಳೆಯ ಫೋನುಗಳಲ್ಲಿ ಆ್ಯಪ್‌ಕಂಪ್ಯಾಟ್ ಲೈಬ್ರರಿ ಆ ಕೆಲಸ ಮಾಡುತ್ತದೆ, ಆದರೆ ಅದು ಭಾಷೆ ಬದಲಿಸುವುದು ಆ್ಯಕ್ಟಿವಿಟಿಗೆ, ಆ್ಯಪ್ಲಿಕೇಶನ್ ಕಾಂಟೆಕ್ಸ್ಟ್‌ಗೆ ಅಲ್ಲ. ಫಲವಾಗಿ ಶೀರ್ಷಿಕೆ ಕನ್ನಡದಲ್ಲಿ, ಸ್ಟ್ಯಾಟಿಕ್ ದಾರಿಯಿಂದ ಬಂದ ಸಂದೇಶ ಇಂಗ್ಲಿಷಿನಲ್ಲಿ. ಇದನ್ನು ಸರಿಪಡಿಸಲೆಂದೇ ಕಾಂಟೆಕ್ಸ್ಟ್‌ಕಂಪ್ಯಾಟ್ ಎಂಬ ಸಹಾಯಕ ಕ್ಲಾಸಿನಲ್ಲಿ ಬೇರೆಯೇ ಒಂದು ಗೆಟ್‌ಸ್ಟ್ರಿಂಗ್ ಕೊಟ್ಟಿದ್ದಾರೆ, ಅದು ಆ್ಯಪಿಗೆ ಆರಿಸಿದ ಭಾಷೆಯನ್ನು ಗೌರವಿಸುತ್ತದೆ. ಜೊತೆಗೆ, ಆ್ಯಪಿನ ದತ್ತಾಂಶ ಹಂಚುವ ಕಂಟೆಂಟ್ ಪ್ರೊವೈಡರ್‌ಗಳು ಆ್ಯಪ್ಲಿಕೇಶನ್‌ನ ಆನ್‌ಕ್ರಿಯೇಟ್‌ಗಿಂತ ಮೊದಲೇ ಏಳುತ್ತವೆ. ಸ್ಟ್ಯಾಟಿಕ್ ಚರಾಂಶವನ್ನು ಆನ್‌ಕ್ರಿಯೇಟ್‌ನಲ್ಲಿ ತುಂಬಿಸುತ್ತಿದ್ದರೆ ಅಲ್ಲಿಂದ ಕರೆದ ಕ್ಲಾಸಿಗೆ ಸಿಗುವುದು ಖಾಲಿ.

ಮೂರನೆಯ ದಾರಿ ನೇರವಾದದ್ದು: ಯಾವ ಫಂಕ್ಷನ್ನಿಗೆ ಪಠ್ಯ ಬೇಕೋ ಅದನ್ನು ಕರೆಯುವಾಗಲೇ ಕಾಂಟೆಕ್ಸ್ಟನ್ನು ಜೊತೆಗೆ ಕಳಿಸುವುದು. ಕೆಲಸ ಮುಗಿದ ಮೇಲೆ ಅದನ್ನು ಹಿಡಿದಿಟ್ಟುಕೊಳ್ಳದಿದ್ದರೆ ಸೋರಿಕೆ ಇಲ್ಲ. ಸಣ್ಣ ಸಹಾಯಕ ಕ್ಲಾಸುಗಳಿಗೆ ನಾನು ಇದನ್ನೇ ಒಪ್ಪುತ್ತೇನೆ. ನೋಟಿಫಿಕೇಶನ್ ಕಟ್ಟುವ ಕ್ಲಾಸು, ಹಿನ್ನೆಲೆಯಲ್ಲಿ ಓಡುವ ವರ್ಕರ್, ಇಂಥವಕ್ಕೆ ಬೇರೆ ದಾರಿಯೂ ಇಲ್ಲ. ಪರದೆಯೇ ಇಲ್ಲದ ಹೊತ್ತಿನಲ್ಲಿ ಪೂರ್ತಿ ವಾಕ್ಯ ಕೊಡಬೇಕಾದ ಜಾಗ ಅದು. ವರ್ಕರ್‌ಗೆ ಆ್ಯಪ್ಲಿಕೇಶನ್ ಕಾಂಟೆಕ್ಸ್ಟ್ ಕೈಯಲ್ಲೇ ಇರುತ್ತದೆ, ಬಳಸಿಕೊಳ್ಳಲಿ.

ಈಗ ನಮ್ಮ ಆ್ಯಪಿನಲ್ಲೇ ಆದ ಎಡವಟ್ಟು. ಮೊದಲ ಆವೃತ್ತಿಯಲ್ಲಿ ನಾನೇ ಪರದೆಗೆ ಬೇಕಾದ ಮಾಹಿತಿ ಹಿಡಿದಿಡುವ ವ್ಯೂಮಾಡೆಲ್‌ಗೆ ಆ್ಯಪ್ಲಿಕೇಶನ್ ಕಾಂಟೆಕ್ಸ್ಟ್ ಕೊಟ್ಟು, ಅಲ್ಲೇ ಗೆಟ್‌ಸ್ಟ್ರಿಂಗ್ ಕರೆದು, ಬಂದ ವಾಕ್ಯವನ್ನು ಅದರಲ್ಲೇ ಉಳಿಸಿಟ್ಟಿದ್ದೆ. ಉಡುಪಿಯ ಸರ್ವಿಸ್ ಬಸ್ ನಿಲ್ದಾಣದ ಹತ್ತಿರ ಅಂಗಡಿ ಇಟ್ಟಿರುವ ಪರಿಚಯದವರೊಬ್ಬರಿಗೆ ಪರೀಕ್ಷೆಗೆಂದು ಆ್ಯಪ್ ಹಾಕಿಕೊಟ್ಟೆವು. ಅವರು ಆ್ಯಪ್ ತೆರೆದಿದ್ದಂತೆಯೇ ಸೆಟ್ಟಿಂಗ್ಸ್‌ಗೆ ಹೋಗಿ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಮರಳಿ ಬಂದರು. ಗುಂಡಿಗಳೆಲ್ಲ ಕನ್ನಡವಾದವು, ತಡದ ಸಂದೇಶ ಮಾತ್ರ ಇಂಗ್ಲಿಷಿನಲ್ಲೇ ಕುಳಿತಿತ್ತು. “ನಿಮ್ಮ ಆ್ಯಪಿಗೆ ಅರ್ಧ ಕನ್ನಡ ಮಾತ್ರ ಬರುತ್ತದೆ ಮಾರಾಯರೇ” ಎಂದರು.

ಭಾಷೆ ಬದಲಾದಾಗ ಆ್ಯಕ್ಟಿವಿಟಿ ಕಳಚಿ ಮತ್ತೆ ಕಟ್ಟಲ್ಪಡುತ್ತದೆ, ಹೊಸ ಕೌಂಟರಿನಿಂದ ಹೊಸ ಭಾಷೆಯ ಮಾತು ತರುತ್ತದೆ. ವ್ಯೂಮಾಡೆಲ್ ಇರುವುದೇ ಈ ಕಳಚುವಿಕೆಯನ್ನು ದಾಟಿ ಬದುಕುವುದಕ್ಕೆ. ಅದರೊಳಗೆ ಬೆಂದು ತಯಾರಾಗಿ ಕುಳಿತ ವಾಕ್ಯವೂ ಜೊತೆಯಲ್ಲೇ ದಾಟಿ ಬಂತು. ಆ ಕಾಂಟೆಕ್ಸ್ಟನ್ನು ಈಗ ಕೇಳಿದ್ದರೆ ಕನ್ನಡವನ್ನೇ ಕೊಡುತ್ತಿತ್ತು. ನಾನು ಕೇಳಿದ್ದು ಆಗ, ಇಂಗ್ಲಿಷ್ ಇದ್ದಾಗ.

ಐಫೋನಿಗೆ ಬರೆಯುವ ಗೆಳೆಯರಿಗೆ ಈ ಗೋಳು ವಿಚಿತ್ರವಾಗಿ ಕಾಣುತ್ತದೆ. ಅಲ್ಲಿ ಆ್ಯಪಿನ ಬಂಡಲ್ (ಪಠ್ಯ, ಚಿತ್ರಗಳ ಕಂತೆ) ಎಲ್ಲ ಕ್ಲಾಸುಗಳಿಗೂ ಕೈಗೆಟುಕುವಂತಿದೆ, ಅನುವಾದಿತ ಪಠ್ಯವನ್ನು ಎಲ್ಲಿಂದ ಬೇಕಾದರೂ ಕೇಳಬಹುದು. ಭಾಷೆ ಬದಲಿಸಿದರೆ ಆ್ಯಪನ್ನೇ ಮುಚ್ಚಿ ಹೊಸದಾಗಿ ತೆರೆಯುವ ಪದ್ಧತಿಯಿಂದ ಹಳೆಯ ವಾಕ್ಯ ಉಳಿಯುವ ಪ್ರಮೇಯ ಕಡಿಮೆ. ಒಂದೇ ಕೋಡಿನಿಂದ ಎರಡೂ ಬಗೆಯ ಫೋನಿಗೆ ಆ್ಯಪ್ ಕಟ್ಟುವ ಫ್ಲಟರ್‌ನಲ್ಲಿ ಮಾತ್ರ ನಮ್ಮದೇ ಪಾಡು: ಅನುವಾದ ಬೇಕಾದರೆ ಅಲ್ಲಿಯೂ ಕಾಂಟೆಕ್ಸ್ಟ್ ಬೇಕು.

ಹಾಗಾಗಿ “ಈ ಕ್ಲಾಸಿಗೆ ಕಾಂಟೆಕ್ಸ್ಟ್ ಹೇಗೆ ಕೊಡಲಿ” ಎಂದು ಕೇಳುವ ಮುಂಚೆ “ಈ ಕ್ಲಾಸು ವಾಕ್ಯ ಕಟ್ಟಬೇಕೇ” ಎಂದು ಕೇಳಬೇಕು. ತಡಲೆಕ್ಕಕ್ಕೆ ಗೊತ್ತಿರುವುದು ಬಸ್ ಬರಬೇಕಾದ ವೇಳೆ ಮತ್ತು ಈಗ ಅದು ಇರುವ ಜಾಗ. ಅದು ಹೇಳಬೇಕಾದದ್ದು “ತಡ, 12” ಅಥವಾ “ವೇಳೆಗೆ ಸರಿ” ಎಂಬಷ್ಟನ್ನೇ. ಅದನ್ನು ಯಾವ ಭಾಷೆಯಲ್ಲಿ, ಎಷ್ಟು ವಿನಯದಿಂದ ಹೇಳಬೇಕು ಎಂಬುದು ಪರದೆಯ ತಲೆನೋವು. ಕೋಟ್ಲಿನ್‌ನಲ್ಲಿ ಇದನ್ನು ಸೀಲ್ಡ್ ಕ್ಲಾಸಾಗಿ, ಅಂದರೆ ಸಾಧ್ಯವಿರುವ ಉತ್ತರಗಳನ್ನೆಲ್ಲ ಮೊದಲೇ ಪಟ್ಟಿ ಮಾಡಿದ ಕ್ಲಾಸಾಗಿ, ಬರೆದರೆ ಪರದೆಯ ಕಡೆ ಒಂದು ‘ವೆನ್’ ಸಾಕು: ತಡವಾಗಿದ್ದರೆ ಈ ಸ್ಟ್ರಿಂಗ್, ಸರಿಯಾಗಿದ್ದರೆ ಆ ಸ್ಟ್ರಿಂಗ್. ಪರದೆ ಕಟ್ಟಲು ಕಂಪೋಸ್ ಎಂಬ ಲೈಬ್ರರಿ ಬಳಸುವವರಿಗೆ ‘ಸ್ಟ್ರಿಂಗ್‌ರಿಸೋರ್ಸ್’ ಎಂಬ ಫಂಕ್ಷನ್ ಇದೆ, ಅದನ್ನು ಕಂಪೋಸಬಲ್ (ಪರದೆಯ ತುಣುಕು ಕಟ್ಟುವ ಫಂಕ್ಷನ್) ಒಳಗೆ ಮಾತ್ರ ಕರೆಯಲು ಬರುತ್ತದೆ. ಆ ನಿರ್ಬಂಧವೇ ಒಂದು ಶಿಸ್ತು.

ವ್ಯೂಮಾಡೆಲ್‌ನಂಥ ನಡುವಿನ ಪದರಗಳಲ್ಲಿ ಇಷ್ಟು ಮಡಿ ಬೇಡ. ಅಲ್ಲಿ ಟೋಕನ್ನನ್ನೇ ಮುಂದಕ್ಕೆ ದಾಟಿಸಬಹುದು. ನಾವು ‘ಪರದೆಪಠ್ಯ’ ಎಂಬ ಸಣ್ಣ ಬಗೆ ಮಾಡಿಕೊಂಡಿದ್ದೇವೆ. ಸರ್ವರ್‌ನಿಂದ ಬಂದ ಸಿದ್ಧ ಪಠ್ಯ ಒಂದು ರೂಪ, ರಿಸೋರ್ಸ್ ಸಂಖ್ಯೆ ಮತ್ತು ಅದರೊಳಗೆ ತುಂಬಬೇಕಾದ ಬೆಲೆಗಳು ಇನ್ನೊಂದು, ಎಣಿಕೆಗೆ ತಕ್ಕಂತೆ ಬದಲಾಗುವುದು ಮತ್ತೊಂದು. ಅದನ್ನು ವಾಕ್ಯವಾಗಿ ಬಿಡಿಸುವ ಒಂದೇ ಫಂಕ್ಷನ್ನಿಗೆ ಪರದೆಯು ಕೊನೆಯ ಗಳಿಗೆಯಲ್ಲಿ ತನ್ನ ಕಾಂಟೆಕ್ಸ್ಟ್ ಕೊಡುತ್ತದೆ. ಸಂಖ್ಯೆ ಬರುವ ಕಡೆ ‘ಸ್ಟ್ರಿಂಗ್‌ರೆಸ್’ ಎಂಬ ಟಿಪ್ಪಣಿ ಹಚ್ಚಿದರೆ, ಯಾರಾದರೂ ಮರೆತು 5 ಎಂದು ಕೊಟ್ಟಾಗ ಲಿಂಟ್ ತಡೆಯುತ್ತದೆ. ತುಂಬಬೇಕಾದ ಬೆಲೆಗಳನ್ನು ಅರೇಯಲ್ಲಿ ಇಡದೆ ಲಿಸ್ಟಿನಲ್ಲಿ ಇಡುವುದು ಒಳ್ಳೆಯದು. ಕೋಟ್ಲಿನ್‌ನ ಡೇಟಾ ಕ್ಲಾಸು ಎರಡು ಅರೇಗಳನ್ನು ಹೋಲಿಸುವಾಗ ಒಳಗಿನ ಬೆಲೆ ನೋಡುವುದಿಲ್ಲ, ಅವೆರಡೂ ಒಂದೇ ವಸ್ತುವೇ ಎಂದು ಮಾತ್ರ ನೋಡುತ್ತದೆ. ಇದಕ್ಕೆ ನನ್ನ ಒಂದು ಭಾನುವಾರ ಹೋಗಿದೆ.

ಈ ಟೋಕನ್ನನ್ನು ಡೇಟಾಬೇಸಿನಲ್ಲಿ ಬರೆದಿಡುವ ಆಸೆ ಮಾತ್ರ ಬೇಡ. ಆ ಸಂಖ್ಯೆಗಳು ಬಿಲ್ಡ್‌ನಿಂದ ಬಿಲ್ಡ್‌ಗೆ ಬದಲಾಗಬಹುದು. ಇವತ್ತು “ಬಸ್ ತಡ” ಎಂಬುದರ ಸಂಖ್ಯೆ ನಾಳೆಯ ಆವೃತ್ತಿಯಲ್ಲಿ “ಪಾಸ್‌ವರ್ಡ್ ತಪ್ಪಾಗಿದೆ” ಎಂಬುದರದ್ದಾಗಿರಬಹುದು. ಉಳಿಸಬೇಕಿದ್ದರೆ ಸ್ಥಿತಿಯ ಹೆಸರನ್ನು ಉಳಿಸಿ.

ವಾಕ್ಯವನ್ನು ಪರದೆಗೆ ಬಿಡಿ ಎಂದು ನಾನು ಹಟ ಹಿಡಿಯುವುದಕ್ಕೆ ದೊಡ್ಡ ಕಾರಣ ಕನ್ನಡವೇ. ಸಾಮಾನ್ಯ ಕ್ಲಾಸುಗಳು ವಾಕ್ಯ ಕಟ್ಟಲು ಹೊರಟರೆ ಅವು ತುಂಡುಗಳನ್ನು ಅಂಟಿಸುತ್ತವೆ: ಊರಿನ ಹೆಸರು, ಅದಕ್ಕೊಂದು “ಇಂದ”, ಮತ್ತೊಂದು ಊರು, “ಗೆ”. ಇಂಗ್ಲಿಷಿನಲ್ಲಿ ಊರಿನ ಹೆಸರಿಗೆ ಮೊದಲು ಒಂದು ಬಿಡಿ ಪದ ಕೂರಿಸಿದರೆ ನಡೆದುಹೋಗುತ್ತದೆ. ನಮ್ಮಲ್ಲಿ ಉಡುಪಿಯಿಂದ, ಮಲ್ಪೆಯಿಂದ ಎನ್ನುತ್ತೇವೆ, ಆದರೆ ಮಂಗಳೂರಿನಿಂದ, ಕಾರ್ಕಳದಿಂದ. ಒಂದರಲ್ಲಿ ಯಕಾರ, ಒಂದರಲ್ಲಿ ‘ಇನ್’, ಮತ್ತೊಂದರಲ್ಲಿ ದಕಾರ. ತುಂಡು ಅಂಟಿಸಿದ ಆ್ಯಪು “ಕಾರ್ಕಳಇಂದ ಉಡುಪಿಗೆ” ಎಂದು ತೋರಿಸುತ್ತದೆ, ಓದಿದವರಿಗೆ ಹಲ್ಲಿಗೆ ಕಲ್ಲು ಸಿಕ್ಕಂತಾಗುತ್ತದೆ. ಇಡೀ ವಾಕ್ಯವನ್ನು ಒಂದೇ ಸ್ಟ್ರಿಂಗಾಗಿ ಇಟ್ಟು, ಬೆಲೆ ತುಂಬುವ ಜಾಗಗಳಿಗೆ ‘%1$’, ‘%2$’ ಎಂದು ಕ್ರಮಸಂಖ್ಯೆ ಕೊಟ್ಟರೆ ಅನುವಾದಿಸುವವರು ಪದಗಳ ಅನುಕ್ರಮವನ್ನು ಬದಲಿಸಿಕೊಳ್ಳಬಹುದು. ವಿಭಕ್ತಿಯ ತೊಡಕಿಗೆ ಅದೂ ಸಾಲದು. ನಾವು ಕನ್ನಡದ ಫೈಲಿನಲ್ಲಿ ವಾಕ್ಯದ ಧಾಟಿಯನ್ನೇ ಬದಲಿಸಿ “ಹೊರಡುವ ನಿಲ್ದಾಣ: ಕಾರ್ಕಳ” ಎಂದು ಬರೆದೆವು. ಇಂಗ್ಲಿಷ್ ಫೈಲು ಹಾಗೆಯೇ ಉಳಿಯಿತು. ಈ ತೀರ್ಮಾನವನ್ನು ಭಾಷೆಯ ಫೈಲಿನಲ್ಲಿ ತೆಗೆದುಕೊಳ್ಳಲು ಸಾಧ್ಯವಾದದ್ದು ಕ್ಲಾಸು ಬರೀ ಬೆಲೆಗಳನ್ನು ಕೊಡುತ್ತಿದ್ದುದರಿಂದ.

ಎಣಿಕೆಯದ್ದು ಇನ್ನೂ ಸೊಗಸಾದ ಬಲೆ. ‘ಪ್ಲೂರಲ್ಸ್’ ಎಂಬ ಬಗೆಯಲ್ಲಿ ಏಕವಚನಕ್ಕೊಂದು, ಉಳಿದದ್ದಕ್ಕೊಂದು ಸಾಲು ಬರೆದರೆ ಸಂಖ್ಯೆ ನೋಡಿ ಆ್ಯಂಡ್ರಾಯ್ಡೇ ಆರಿಸುತ್ತದೆ. ಆರಿಸುವ ನಿಯಮ ಭಾಷೆಯಿಂದ ಭಾಷೆಗೆ ಬೇರೆ, ಅದನ್ನು ಯೂನಿಕೋಡ್ ಒಕ್ಕೂಟದ ಸಿಎಲ್‌ಡಿಆರ್ ಎಂಬ ದತ್ತಾಂಶದಲ್ಲಿ ನಿಗದಿ ಮಾಡಿದ್ದಾರೆ. ಇಂಗ್ಲಿಷಿನಲ್ಲಿ 1 ಮಾತ್ರ ಏಕವಚನದ ಗುಂಪಿಗೆ, 0 ಬಹುವಚನಕ್ಕೆ. ಕನ್ನಡದ ನಿಯಮದಲ್ಲಿ 0 ಮತ್ತು 1 ಎರಡೂ ಏಕವಚನದ ಗುಂಪಿಗೆ. ನಮ್ಮ ಹುಡುಗಿ ಏಕವಚನದ ಸಾಲಿನಲ್ಲಿ ಅಂಕಿಯ ಜಾಗ ಬಿಡದೆ “ಒಂದು ನಿಮಿಷದಲ್ಲಿ ಬಸ್” ಎಂದು ಅಕ್ಷರದಲ್ಲೇ ಬರೆದಿದ್ದಳು, ಓದಲು ಚೆಂದವೂ ಇತ್ತು. ಬಸ್ ಬಂದು ಬಾಗಿಲ ಬಳಿ ನಿಂತು ಕಂಡಕ್ಟರ್ “ಉಡುಪಿ, ಉಡುಪಿ” ಎಂದು ಕೂಗುತ್ತಿದ್ದರೂ, ಅಂದರೆ ಸಂಖ್ಯೆ 0 ಆಗಿದ್ದರೂ, ಆ್ಯಪು “ಒಂದು ನಿಮಿಷದಲ್ಲಿ ಬಸ್” ಎನ್ನುತ್ತಿತ್ತು. ಇಂಗ್ಲಿಷಿನಲ್ಲಿ ಪರೀಕ್ಷಿಸುತ್ತಿದ್ದಾಗ ಈ ತಪ್ಪು ಕಾಣಿಸಲೇ ಇಲ್ಲ. ಏಕವಚನದ ಸಾಲಿನಲ್ಲೂ ಅಂಕಿಯ ಜಾಗ ಬಿಡಬೇಕು. ಸೊನ್ನೆಗೆ ಬೇರೆಯೇ ಮಾತು ಬೇಕಿದ್ದರೆ ಅದನ್ನು ಬೇರೆ ಸ್ಥಿತಿಯಾಗಿ ಕ್ಲಾಸೇ ಹೇಳಬೇಕು. ತಡಲೆಕ್ಕಕ್ಕೆ “ಬಂದಿದೆ” ಎಂಬ ಇನ್ನೊಂದು ಉತ್ತರ ಸೇರಿದ್ದು ಹೀಗೆ.

ಪರೀಕ್ಷೆ ಎಂದಾಗ ನೆನಪಾಯಿತು. ಕಂಪ್ಯೂಟರಿನಲ್ಲೇ ಓಡುವ ಯೂನಿಟ್ ಟೆಸ್ಟುಗಳಲ್ಲಿ ಆ್ಯಂಡ್ರಾಯ್ಡಿನ ಕ್ಲಾಸುಗಳು ಹೊರಚಿಪ್ಪು ಮಾತ್ರ. ಗೆಟ್‌ಸ್ಟ್ರಿಂಗ್ ಕರೆದರೆ ದೋಷ ಎಸೆಯುತ್ತವೆ. ಆಗ ನಕಲಿ ಕಾಂಟೆಕ್ಸ್ಟ್ ಕಟ್ಟಬೇಕು, ಇಲ್ಲವೇ ಆ್ಯಂಡ್ರಾಯ್ಡನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ರೋಬೋಲೆಕ್ಟ್ರಿಕ್ ತರಬೇಕು. ತಡಲೆಕ್ಕ ಈಗ ಆ್ಯಂಡ್ರಾಯ್ಡಿನ ಒಂದು ಸಾಲನ್ನೂ ಆಮದು ಮಾಡಿಕೊಳ್ಳುವುದಿಲ್ಲ. ಟೆಸ್ಟಿನಲ್ಲಿ “9.10ಕ್ಕೆ ಬರಬೇಕಾದದ್ದು 9.22ಕ್ಕೆ ಬಂದರೆ ಉತ್ತರ ತಡ, 12” ಎಂದು ಬರೆದರೆ ಮುಗಿಯಿತು.

ಕಳೆದ ವಾರ ಅವಳು ‘ವ್ಯಾಲ್ಯೂಸ್-ಬಿ+ಟಿಸಿವೈ’ ಎಂಬ ಹೊಸ ಫೋಲ್ಡರ್ ತೆರೆದಳು. ಟಿಸಿವೈ ಎಂಬುದು ತುಳುವಿನ ಅಂತರರಾಷ್ಟ್ರೀಯ ಸಂಕೇತ. ಎರಡಕ್ಷರದ ಸಂಕೇತ ತುಳುವಿಗೆ ಇಲ್ಲವಾದ್ದರಿಂದ ಹೆಸರು ಹೀಗೆ ಸ್ವಲ್ಪ ಉದ್ದ. ಆ ಫೋಲ್ಡರಿನಲ್ಲಿ ಸದ್ಯಕ್ಕೆ ಇರುವುದು ಮೂರೇ ಸಾಲು, ಉಳಿದವು ಮೂಲ ಫೋಲ್ಡರಿನಿಂದ ಬರುತ್ತವೆ. ಆ್ಯಪಿನ ಭಾಷೆಗಳ ಪಟ್ಟಿಗೆ ತುಳುವನ್ನು ಸೇರಿಸಿ, ಆರಿಸಿ, ಫೋನನ್ನು ನನ್ನ ಕೈಗಿತ್ತಳು. ಪರದೆಯ ಮೇಲೆ “ಬಸ್ ಬರೊಂದುಂಡು” ಎಂದಿತ್ತು. ತಡಲೆಕ್ಕದ ಫೈಲನ್ನು ಅವಳು ತೆರೆದೇ ಇರಲಿಲ್ಲ.